ಒಂದು ಸಾಲಿನ ಆದೇಶ, ಒಂದು ಹಾಳೆಯ ಸರ್ಟಿಫಿಕೇಟು

ಮಾನ್ಯ ಸಂಪಾದಕರೇ,

ದಸರಾ ರಜೆ ಹತ್ತಿರ ಬಂತೆಂದರೆ ಮೈಸೂರು, ಮಂಡ್ಯದ ಕೌಟುಂಬಿಕ ನ್ಯಾಯಾಲಯಗಳಲ್ಲಿ ಒಂದು ಬಗೆಯ ಅರ್ಜಿ ಕಾಣಿಸಿಕೊಳ್ಳುತ್ತದೆ: ರಜೆಯಲ್ಲಿ ಮಗುವನ್ನು ನನ್ನ ಬಳಿ ಕಳಿಸಿಕೊಡಿ ಎಂಬ ಐ.ಎ. (ಮಧ್ಯಂತರ ಅರ್ಜಿ). ಅದಕ್ಕೆ ಎದುರು ಕಡೆಯ ತಕರಾರು, ತಕರಾರಿನ ಜೊತೆಗೆ ಪಿನ್ ಹೊಡೆದ ಒಂದು ಹಾಳೆ. ಕ್ಲಿನಿಕ್ಕಿನ ಲೆಟರ್‌ಹೆಡ್ಡಿನ ಮೇಲೆ ‘ಮಗುವನ್ನು ಪರೀಕ್ಷಿಸಲಾಗಿದೆ, ತಂದೆಯ ಬಗ್ಗೆ ತೀವ್ರ ಭಯವಿದೆ, ತಾಯಿಯ ಬಳಿಯೇ ಇರುವುದು ಸೂಕ್ತ’ ಎಂದು ನಾಲ್ಕು ಸಾಲು, ಸಹಿ, ಸೀಲು. ಕೆಲವೊಮ್ಮೆ ತಂದೆಯ ಕಡೆಯಿಂದ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಹಾಳೆ. ಬರೆದವರು ಆ ಇನ್ನೊಬ್ಬ ಪೋಷಕರ ಮುಖ ಕೂಡ ನೋಡಿರುವುದಿಲ್ಲ.

ಇದು ಕಸ್ಟಡಿ ಮೌಲ್ಯಮಾಪನ, ಅಂದರೆ ಮಗು ಯಾರ ಬಳಿ ಇರಬೇಕೆಂದು ತೀರ್ಮಾನಿಸಲು ನ್ಯಾಯಾಲಯಕ್ಕೆ ನೆರವಾಗುವ ತಜ್ಞರ ಪರಿಶೀಲನೆ, ಅಲ್ಲ. ಆದರೆ ಸರಿಯಾದ ಮೌಲ್ಯಮಾಪನ ಹೇಗಿರುತ್ತದೆ ಎಂಬುದು ಎಷ್ಟೋ ತಂದೆತಾಯಿಗೆ, ವಕೀಲರಿಗೆ, ಕೊನೆಗೆ ಹಾಳೆ ಬರೆದುಕೊಡುವ, ಮಾನಸಿಕ ಆರೋಗ್ಯ ಕ್ಷೇತ್ರದ ನಮ್ಮದೇ ವೃತ್ತಿಯ ಕೆಲವರಿಗೂ ಗೊತ್ತಿಲ್ಲ. ಪತ್ರ ಉದ್ದವಾಯಿತೆಂದು ಕತ್ತರಿಸದೆ ಪ್ರಕಟಿಸಬೇಕೆಂದು ಕೋರಿಕೆ.

ಕಾನೂನಿನ ಮಾತು ಚುಟುಕಾಗಿ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17ನೇ ಕಲಂ ನೋಡಿ, 1956ರ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆಯ 13ನೇ ಕಲಂ ನೋಡಿ, ಎರಡೂ ಕೇಳುವುದು ಮಗುವಿನ ಕ್ಷೇಮವನ್ನು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುತ್ತದೆ 1956ರ ಕಾಯ್ದೆಯ 6ನೇ ಕಲಂ. ಆ ‘ಸಾಮಾನ್ಯವಾಗಿ’ ಎಂಬ ಪದವನ್ನು ಎರಡೂ ಕಡೆಯವರು ತಮಗೆ ಬೇಕಾದ ಹಾಗೆ ಓದಿಕೊಳ್ಳುತ್ತಾರೆ. ಮಗುವಿಗೆ ತಿಳಿವಳಿಕೆಯಿಂದ ಆಯ್ಕೆ ಮಾಡುವ ವಯಸ್ಸು ಬಂದಿದ್ದರೆ ಅದರ ಇಷ್ಟವನ್ನು ನ್ಯಾಯಾಲಯ ಪರಿಗಣಿಸಬಹುದು. ಪರಿಗಣಿಸಬಹುದು ಅಷ್ಟೇ, ಅದೇ ತೀರ್ಪಲ್ಲ. ಇನ್ನು ತಜ್ಞರ ನೆರವು ಪಡೆಯುವ ಅಧಿಕಾರವನ್ನು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 12ನೇ ಕಲಂ ಕೊಟ್ಟಿದೆ. ಅಧಿಕಾರಕ್ಕೆ ಕೊರತೆ ಇಲ್ಲ. ಅದನ್ನು ಬಳಸುವ ರೀತಿಯಲ್ಲೇ ತೊಂದರೆ.

ಮೊದಲ ತೊಂದರೆ ಆದೇಶದಲ್ಲೇ ಇದೆ. ‘ಮಗುವನ್ನು ಪರೀಕ್ಷಿಸಿ ವರದಿ ಸಲ್ಲಿಸಿ’ ಎಂಬ ಒಂದು ಸಾಲು ಬಂದರೆ ಪರೀಕ್ಷಿಸುವವರು ಏನನ್ನು ನೋಡಬೇಕು? ಬುದ್ಧಿಮಟ್ಟವನ್ನೇ? ಭಯವನ್ನೇ? ಹೀಗೆ ಗುರಿಯಿಲ್ಲದೆ ಕಳಿಸಿದ ಮಗುವಿಗೆ ಐಕ್ಯೂ ಪರೀಕ್ಷೆ ಮಾಡಿ ‘ಸರಾಸರಿ ಬುದ್ಧಿಮಟ್ಟ’ ಎಂದು ವಾಪಸು ಕಳಿಸಿರುವ ವರದಿಗಳುಂಟು. ಆ ಮಾಹಿತಿಯನ್ನು ಇಟ್ಟುಕೊಂಡು ನ್ಯಾಯಾಧೀಶರು ಏನು ಮಾಡಬೇಕು? ಕೇಳುವ ಪ್ರಶ್ನೆ ಹೀಗಿರಲಿ: ಆರು ವರ್ಷದ ಈ ಮಗು ತಂದೆಯ ಮನೆಯಲ್ಲಿ ರಾತ್ರಿ ಉಳಿಯಲು ಸಿದ್ಧವಿದೆಯೇ, ಇಲ್ಲವಾದರೆ ಕಾರಣವೇನು, ಯಾವ ಹಂತಗಳಲ್ಲಿ ಸಿದ್ಧಗೊಳಿಸಬಹುದು? ತಾಯಿಯ ಖಿನ್ನತೆ ಮಗುವಿನ ದಿನನಿತ್ಯದ ಆರೈಕೆಗೆ ಅಡ್ಡಿಯಾಗಿದೆಯೇ? ಅಣ್ಣತಂಗಿಯರನ್ನು ಬೇರೆ ಬೇರೆ ಮನೆಯಲ್ಲಿ ಇರಿಸಿದರೆ ಏನಾದೀತು? ಇಂಥ ಮೂರು ನಾಲ್ಕು ಪ್ರಶ್ನೆಗಳನ್ನು ಇಬ್ಬರು ವಕೀಲರೂ ಕೂತು ಬರೆದುಕೊಟ್ಟರೆ ಅರ್ಧ ಕೆಲಸ ಆದಂತೆ. ತಂದೆ ತಾಯಿಗಳಲ್ಲಿ ಯಾರು ಒಳ್ಳೆಯವರು ಎಂಬ ಪ್ರಶ್ನೆ ಮಾತ್ರ ಬೇಡ. ಅದಕ್ಕೆ ಉತ್ತರಿಸುವ ವಿದ್ಯೆ ಯಾರ ಬಳಿಯೂ ಇಲ್ಲ.

ಎರಡನೆಯದು, ಯಾರು ಮಾಡಬೇಕು ಎಂಬುದು. ಮಗುವಿಗೆ ಚಿಕಿತ್ಸೆ ಕೊಡುತ್ತಿರುವ ಮನೋವೈದ್ಯರು, ಥೆರಪಿ ಮಾಡುತ್ತಿರುವ ಮನಃಶಾಸ್ತ್ರಜ್ಞರು ಮೌಲ್ಯಮಾಪಕರಾಗಬಾರದು. ಚಿಕಿತ್ಸಕರು ಬಂದವರ ಮಾತನ್ನು ನಂಬಿ ಮುಂದುವರಿಯಬೇಕು, ಅವರ ಕೆಲಸವೇ ಅದು. ಮೌಲ್ಯಮಾಪಕರು ಪ್ರತಿ ಮಾತನ್ನೂ ಇನ್ನೊಂದು ಮೂಲದಿಂದ ತಾಳೆ ನೋಡಬೇಕು. ಒಬ್ಬರೇ ಎರಡೂ ಟೋಪಿ ಹಾಕಿಕೊಂಡರೆ ಚಿಕಿತ್ಸೆಯೂ ಕೆಡುತ್ತದೆ, ವರದಿಯೂ ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲ. ಚಿಕಿತ್ಸಕರು ತಾವು ಕಂಡದ್ದನ್ನು ಹೇಳಲಿ: ಯಾವ ದಿನಗಳಲ್ಲಿ ನೋಡಿದೆ, ಏನು ತೊಂದರೆ ಇತ್ತು, ಏನು ಮದ್ದು ಕೊಟ್ಟೆ. ಮಗು ಯಾರ ಬಳಿ ಇರಬೇಕೆಂಬುದಕ್ಕೆ ಅವರು ಕೈ ಹಾಕಬಾರದು. ಅಮೆರಿಕದ ಮನಃಶಾಸ್ತ್ರ ಸಂಘ 1994ರಲ್ಲಿ ಹೊರಡಿಸಿ, 2010 ಮತ್ತು 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಈ ಎರಡು ಪಾತ್ರಗಳನ್ನು ಬೆರೆಸಬೇಡಿ ಎನ್ನುತ್ತದೆ. ನೋಡದ ವ್ಯಕ್ತಿಯ ಬಗ್ಗೆ ಅಭಿಪ್ರಾಯ ಕೊಡುವಾಗ ಎಚ್ಚರಿಕೆ ಇರಲಿ ಎಂದೂ ಹೇಳುತ್ತದೆ. ಅಲ್ಲಿಯದನ್ನೆಲ್ಲ ಇಲ್ಲಿಗೆ ತರಬೇಕಿಲ್ಲ. ಈ ಎರಡು ಮಾತಂತೂ ಯಾವ ಊರಿಗಾದರೂ ಸಲ್ಲುತ್ತದೆ.

ಮಧ್ಯಸ್ಥಿಕೆ ಕೇಂದ್ರದಲ್ಲಿ ರಾಜಿ ಮಾಡಿಸಲು ಕೂತವರದೂ ಇದೇ ಕಥೆ, ಅವರೂ ಮೌಲ್ಯಮಾಪಕರಾಗಬಾರದು. ಅಲ್ಲಿ ಆಡಿದ ಮಾತು ಗೋಪ್ಯ. ಆದರೆ ಕಸ್ಟಡಿ ಪ್ರಕರಣದಲ್ಲಿ ನ್ಯಾಯಾಲಯದ ಆಪ್ತಸಮಾಲೋಚಕರು ಮಗುವಿನ ಬಗ್ಗೆ ಕೊಡುವ ವರದಿಗೆ ಆ ಗೋಪ್ಯತೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಈ ವ್ಯತ್ಯಾಸವನ್ನು ದಂಪತಿಗೆ ಮೊದಲೇ ತಿಳಿಸದಿದ್ದರೆ, ‘ನಂಬಿ ಹೇಳಿದೆ, ಕೋರ್ಟಿಗೆ ಹಾಕಿಬಿಟ್ರು’ ಎಂಬ ದೂರು ಗ್ಯಾರಂಟಿ.

ಕೆಲಸ ಶುರುವಾಗುವುದು ಕಾಗದದಿಂದ. ಮೂಲ ಅರ್ಜಿ, ತಕರಾರು, ಮಧ್ಯಂತರ ಆದೇಶಗಳು, ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಪ್ರಕರಣವಿದ್ದರೆ ಅದರ ಪ್ರತಿ, ಮಗುವಿನ ‘ತಾಯಿ ಕಾರ್ಡು’ (ಬಸಿರು, ಲಸಿಕೆಯ ದಾಖಲೆ), ಶಾಲೆಯ ಹಾಜರಾತಿ, ವೈದ್ಯಕೀಯ ದಾಖಲೆ ಎಲ್ಲವನ್ನೂ ಓದಬೇಕು. ಒಬ್ಬರು ಕೊಟ್ಟ ಕಾಗದ ಇನ್ನೊಬ್ಬರಿಗೂ ಗೊತ್ತಿರಬೇಕು. ರಾತ್ರಿ ಹತ್ತು ಗಂಟೆಗೆ ವಾಟ್ಸ್‌ಆ್ಯಪಿನಲ್ಲಿ ಸಂಸಾರದ ಜಗಳದ ಆಡಿಯೊ ಕಳಿಸುವವರು ಬಹಳ. ಅವನ್ನು ಮೌಲ್ಯಮಾಪಕರು ಕೇಳಬಾರದು. ನ್ಯಾಯಾಲಯದ ಮೂಲಕ ಬರಲಿ ಎಂದು ಬರಹದಲ್ಲಿ ತಿಳಿಸಬೇಕು. ಆಮೇಲೆ ಇಬ್ಬರಿಂದಲೂ ಒಪ್ಪಿಗೆ ಪತ್ರ. ಅದರಲ್ಲಿ ಮುಖ್ಯವಾದ ಸಾಲು ಒಂದೇ: ನೀವು ಇಲ್ಲಿ ಹೇಳುವುದು ಗುಟ್ಟಾಗಿ ಉಳಿಯುವುದಿಲ್ಲ, ನ್ಯಾಯಾಧೀಶರ ಮುಂದೆ ಹೋಗುತ್ತದೆ.

ತಂದೆ, ತಾಯಿ ಇಬ್ಬರಿಗೂ ಬೇರೆ ಬೇರೆ ದಿನ, ತಲಾ ಎರಡು ಅಥವಾ ಮೂರು ಸಂದರ್ಶನ, ಒಂದೊಂದು ಒಂದೂವರೆ ಗಂಟೆ. ಒಬ್ಬರಿಗೆ ಕೊಟ್ಟ ಸಮಯ ಇನ್ನೊಬ್ಬರಿಗೂ ಸಿಗಬೇಕು, ಗಡಿಯಾರ ನೋಡಿ ಬರೆದಿಡಬೇಕು. ಮೊದಲ ಸಂದರ್ಶನವೆಲ್ಲ ದೂರಿನಲ್ಲೇ ಮುಗಿಯುತ್ತದೆ, ಮುಗಿಯಲಿ. ಎರಡನೆಯದರಲ್ಲಿ ಮಗುವಿನ ವಿಷಯಕ್ಕೆ ಬರಬೇಕು. ಬೆಳಿಗ್ಗೆ ಎಬ್ಬಿಸುವವರು ಯಾರು, ಜಡೆ ಹಾಕುವವರು ಯಾರು, ಡೈರಿಗೆ ಸಹಿ ಯಾರದು, ಯಾವ ಔಷಧಿ ಮೈಗೆ ಒಗ್ಗುವುದಿಲ್ಲ, ರಾತ್ರಿ ಯಾವುದಕ್ಕೆ ಹೆದರುತ್ತದೆ, ಹಟ ಹಿಡಿದರೆ ಏನು ಮಾಡುತ್ತೀರಿ. ಇನ್ನೊಬ್ಬ ಪೋಷಕರಿಂದ ಮಗುವಿಗೆ ಸಿಕ್ಕ ಒಂದು ಒಳ್ಳೆಯದನ್ನು ಹೇಳಿ ಎಂದರೆ ಬರುವ ಉತ್ತರ, ಅಥವಾ ಬಾರದ ಉತ್ತರ, ಬಹಳ ಹೇಳುತ್ತದೆ.

ಇಲ್ಲೊಂದು ಬಲೆ ಇದೆ. ಎರಡು ವರ್ಷದಿಂದ ಮಗುವನ್ನು ನೋಡಲು ಅವಕಾಶವೇ ಸಿಗದ ತಂದೆಗೆ ಕ್ಲಾಸ್ ಟೀಚರ್ ಹೆಸರು ಗೊತ್ತಿಲ್ಲದಿದ್ದರೆ ಅದು ಅವನ ಅಸಡ್ಡೆ ಅಲ್ಲ. ಹೊಡೆತ ತಿಂದು ಮನೆ ಬಿಟ್ಟು ಬಂದ ತಾಯಿ ಸಂದರ್ಶನದಲ್ಲಿ ಸಿಡುಕಿದರೆ, ತಾರೀಖು ತಪ್ಪು ಹೇಳಿದರೆ, ಅದು ‘ಅಸ್ಥಿರ ವ್ಯಕ್ತಿತ್ವ’ವೂ ಅಲ್ಲ. ತಣ್ಣಗೆ, ಇಸ್ತ್ರಿ ಅಂಗಿಯಲ್ಲಿ, ಫೈಲು ಜೋಡಿಸಿಕೊಂಡು ಬಂದವರಿಗೆ ಹೆಚ್ಚು ಅಂಕ ಬೀಳುವುದು ನಮ್ಮ ವೃತ್ತಿಯ ಹಳೆಯ ರೋಗ.

ಮನಃಶಾಸ್ತ್ರೀಯ ಪರೀಕ್ಷೆಗಳ ಬಗ್ಗೆ ಜನರಿಗೆ ಇರುವ ಭ್ರಮೆ ದೊಡ್ಡದು. ಮೈಸೂರಿನಲ್ಲೇ ರೂಪುಗೊಂಡ ಡಿಎಸ್‌ಟಿ (ಮಗುವಿನ ಬೆಳವಣಿಗೆ ಅಳೆಯುವ ಪರೀಕ್ಷೆ) ಇದೆ, ವೈನ್‌ಲ್ಯಾಂಡ್ ಸಾಮಾಜಿಕ ಪಕ್ವತೆಯ ಮಾಪನದ ಭಾರತೀಯ ರೂಪವಿದೆ. ಹುಟ್ಟಿನಿಂದ 15 ವರ್ಷದವರೆಗಿನ ಮಗುವಿನ ಬೆಳವಣಿಗೆ ಎಲ್ಲಿದೆ ಎಂದು ಇವು ಚೆನ್ನಾಗಿ ಹೇಳುತ್ತವೆ. ಮಾತು ತಡವಾದ, ಕಲಿಕೆ ನಿಧಾನವಾದ ಮಗುವಿಗೆ ಹೆಚ್ಚಿನ ಆರೈಕೆ ಬೇಕು ಎಂಬುದನ್ನು ತೋರಿಸಲು ಬೇಕೇ ಬೇಕು. ಆದರೆ ಇವುಗಳಲ್ಲಿ ಒಂದೂ ಮಗು ಯಾರ ಬಳಿ ಇರಬೇಕೆಂದು ಹೇಳುವುದಿಲ್ಲ. ತಂದೆತಾಯಿಗೆ ಇಂಗ್ಲಿಷಿನ ವ್ಯಕ್ತಿತ್ವ ಪ್ರಶ್ನಾವಳಿಯನ್ನು ಅಲ್ಲೇ ಬಾಯಲ್ಲಿ ಕನ್ನಡಕ್ಕೆ ತಿರುಗಿಸಿ ಕೇಳಿ ಅಂಕ ಹಾಕುವುದಂತೂ ತಪ್ಪೇ. ವಾಕ್ಯ ಬದಲಾದ ಕೂಡಲೇ ಮಾನದಂಡ ಬಿದ್ದುಹೋಗುತ್ತದೆ. ಮಗು ಬಿಡಿಸಿದ ಮನೆಯ ಚಿತ್ರದಲ್ಲಿ ಅಪ್ಪ ಚಿಕ್ಕದಾಗಿದ್ದಾನೆ, ಆದ್ದರಿಂದ ಅಪ್ಪನನ್ನು ಕಂಡರಾಗದು ಎಂಬ ತೀರ್ಮಾನವೂ ಇದೇ ಜಾತಿಯದು. ಹಾಳೆಯಲ್ಲಿ ಜಾಗ ಮುಗಿದದ್ದಕ್ಕೂ ಅಪ್ಪ ಚಿಕ್ಕವನಾಗಬಹುದು. ಚಿತ್ರ ಬಿಡಿಸುವುದು ಮಗುವನ್ನು ಮಾತಿಗೆ ಎಳೆಯುವ ದಾರಿ, ಪುರಾವೆಯಲ್ಲ.

ಮಗುವಿನ ಜೊತೆ ಮಾತಾಡುವುದು ಇಡೀ ಕೆಲಸದಲ್ಲಿ ಸೂಕ್ಷ್ಮವಾದದ್ದು. ಕನಿಷ್ಠ ಎರಡು ಸಲ ನೋಡಬೇಕು. ಒಂದು ಸಲ ತಾಯಿ ಕರೆತರಲಿ, ಇನ್ನೊಂದು ಸಲ ತಂದೆ. ಕರೆತಂದವರ ನೆರಳು ಆ ದಿನದ ಮಾತಿನ ಮೇಲೆ ಬೀಳುತ್ತದೆ. ಎರಡು ದಿನದ ಮಾತನ್ನು ಪಕ್ಕಪಕ್ಕ ಇಟ್ಟಾಗಲೇ ಅದು ಕಾಣುವುದು. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಾಕು. ಚಾಪೆ, ಬಣ್ಣದ ಕಡ್ಡಿ, ಅಡುಗೆ ಆಟದ ಸಾಮಾನು, ನಾಲ್ಕಾರು ಗೊಂಬೆ ಇರಲಿ. ಕರಿಕೋಟು, ಮೇಜಿನಾಚೆಯ ಕುರ್ಚಿ ಬೇಡ. ಮಗು ಮನೆಯಲ್ಲಿ ಆಡುವ ಮಾತಿನಲ್ಲೇ ಮಾತಾಡಬೇಕು. ಮೈಸೂರಿನಲ್ಲಿ ಅದು ಉರ್ದುವೂ ತಮಿಳೂ ಆಗಿರಬಹುದು. ದುಭಾಷಿ ಬೇಕಾದರೆ ಚಿಕ್ಕಮ್ಮನನ್ನೋ ಸೋದರಮಾವನನ್ನೋ ಕೂರಿಸಿಕೊಳ್ಳುವಂತಿಲ್ಲ.

ಮೊದಲು ಮಗುವಿಗೆ ನಿಯಮ ಹೇಳಬೇಕು: ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನು, ನಾನು ತಪ್ಪು ಹೇಳಿದ್ರೆ ತಿದ್ದು, ನೀನು ಹೇಳಿದ್ದನ್ನ ಜಡ್ಜ್‌ಗೆ ಹೇಳಬೇಕಾಗಬಹುದು. ‘ಯಾರಿಗೂ ಹೇಳಲ್ಲ, ನನ್ನ ಹತ್ರ ಹೇಳು ಪುಟ್ಟ’ ಎಂದು ಪುಸಲಾಯಿಸಿದರೆ ಅದು ಮೋಸ. ಆಮೇಲೆ ತೆರೆದ ಪ್ರಶ್ನೆ. ‘ಅಪ್ಪ ಹೊಡೀತಾರಾ?’ ಎನ್ನುವ ಬದಲು ‘ಅಪ್ಪನ ಮನೇಲಿ ನೀನು ತಪ್ಪು ಮಾಡಿದ್ರೆ ಏನಾಗುತ್ತೆ?’ ಎಂದು ಕೇಳಿ ಸುಮ್ಮನಿರಬೇಕು. ಸುಮ್ಮನಿರುವುದನ್ನು ಕಲಿಯಲು ವರ್ಷಗಳು ಬೇಕು. ಭಾನುವಾರ ಬೆಳಿಗ್ಗೆಯಿಂದ ಏನೇನಾಯ್ತು ಹೇಳು ಎಂದರೆ ಮಗು ತಾನಾಗಿ ಹೇಳುವ ವಿವರದಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದೇ ಮುಖ್ಯ. ‘ನಿಂಗೆ ಅಮ್ಮ ಬೇಕಾ, ಅಪ್ಪ ಬೇಕಾ?’ ಎಂಬ ಪ್ರಶ್ನೆಯನ್ನು ಕೇಳಲೇಬಾರದು. ಕೋರ್ಟಿನ ವರಾಂಡದಲ್ಲಿ ಬಂಧುಬಳಗವೆಲ್ಲ ಕೇಳುವುದು ಇದನ್ನೇ. ಅದಕ್ಕೆ ಉತ್ತರ ಕೊಟ್ಟ ಮಗು ಆ ರಾತ್ರಿಯಿಂದ ಇನ್ನೊಬ್ಬರನ್ನು ಕಳೆದುಕೊಂಡ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತದೆ.

ಹೇಳಿಕೊಟ್ಟ ಮಾತನ್ನು ಗುರುತಿಸುವುದು ಹೇಗೆ ಎಂದು ವಕೀಲರು ಕೇಳುತ್ತಾರೆ. ಆರು ವರ್ಷದ ಬಾಯಲ್ಲಿ ‘ಮಾನಸಿಕ ಕಿರುಕುಳ’, ‘ವರದಕ್ಷಿಣೆ’ ಬಂದರೆ, ಎರಡು ದಿನವೂ ಅದೇ ವಾಕ್ಯ ಅದೇ ಕ್ರಮದಲ್ಲಿ ಬಂದರೆ, ಎಲ್ಲಿ, ಯಾವಾಗ, ಆಮೇಲೇನಾಯ್ತು ಎಂದಾಗ ಮಗು ತಡವರಿಸಿದರೆ ಅನುಮಾನ ಬರುವುದು ಸರಿ. ಆದರೆ ಹೇಳಿಕೊಟ್ಟದ್ದೆಲ್ಲ ಸುಳ್ಳೇ ಆಗಿರಬೇಕೆಂದಿಲ್ಲ. ನಿಜವಾಗಿ ಕಂಡದ್ದನ್ನೇ ಮನೆಯವರು ನೂರು ಸಲ ಹೇಳಿಸಿ ಗಿಳಿಪಾಠ ಮಾಡಿಸಿರಬಹುದು.

ಇದರ ಜೊತೆಗೇ ಬರುವ ಇನ್ನೊಂದು ಪದ ‘ಪೇರೆಂಟಲ್ ಏಲಿಯನೇಷನ್’, ಅಂದರೆ ಒಬ್ಬ ಪೋಷಕರು ಇನ್ನೊಬ್ಬರ ವಿರುದ್ಧ ಮಗುವಿನ ಮನಸ್ಸು ಕೆಡಿಸುವುದು. ಸುಪ್ರೀಂ ಕೋರ್ಟ್ 2017ರ ತೀರ್ಪೊಂದರಲ್ಲಿ ಈ ಮಾತನ್ನು ಬಳಸಿದ ಮೇಲೆ ಇದು ಪ್ರತಿ ಅರ್ಜಿಯಲ್ಲೂ ಬರತೊಡಗಿದೆ. 2024ರಲ್ಲಿ ಅದೇ ನ್ಯಾಯಾಲಯ, ನಿರ್ದಿಷ್ಟ ವರ್ತನೆಗಳನ್ನು ಗುರುತಿಸದೆ ಆತುರವಾಗಿ ಯಾರಿಗೂ ಈ ಹಣೆಪಟ್ಟಿ ಹಚ್ಚಬೇಡಿ ಎಂದಿತು. ಈ ಎರಡನೆಯದನ್ನು ಉಲ್ಲೇಖಿಸುವವರು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ರಲ್ಲಾಗಲೀ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5ರಲ್ಲಾಗಲೀ ಇದು ರೋಗವೆಂದು ಪಟ್ಟಿಯಾಗಿಲ್ಲ. ಮಗು ತಂದೆಯ ಬಳಿ ಹೋಗಲು ಒಲ್ಲೆ ಎಂದರೆ ಕಾರಣ ಹತ್ತಾರು: ಕಣ್ಣಾರೆ ಕಂಡ ಹೊಡೆತ, ಎರಡು ವರ್ಷದ ಮಗುವಿಗೆ ಸಹಜವಾದ ಅಗಲಿಕೆಯ ಆತಂಕ, ಮುಖವೇ ಮರೆತುಹೋಗಿರುವುದು, ಅಮ್ಮನಿಗೆ ಬೇಸರವಾಗುತ್ತದೆಂಬ ಅಳುಕು, ಭಾನುವಾರದ ಕ್ರಿಕೆಟ್ ತಪ್ಪುತ್ತದೆಂಬ ಸಿಟ್ಟು. ಒಂದೊಂದನ್ನೂ ಎತ್ತಿ ನೋಡಿ, ಪುರಾವೆ ಇಲ್ಲದ್ದನ್ನು ಬದಿಗಿಟ್ಟು ಉಳಿದದ್ದನ್ನು ಬರೆಯಬೇಕು.

ತಂದೆತಾಯಿ ಪ್ರತಿಯೊಬ್ಬರ ಜೊತೆಗೂ ಮಗುವನ್ನು ಸುಮಾರು ಮುಕ್ಕಾಲು ಗಂಟೆ ಕೂರಿಸಿ ಗಮನಿಸಬೇಕು. ಮೊದಲು ಬಿಡುವಾಗಿ ಆಟ, ಆಮೇಲೆ ಹೋಂವರ್ಕಿನ ಒಂದು ಪುಟದಂಥ ಸಣ್ಣ ಕೆಲಸ, ಕೊನೆಗೆ ಸಾಮಾನು ಎತ್ತಿಡುವುದು ಮತ್ತು ಹೊರಡುವುದು. ಆಟ ನೋಡಲು ಚೆನ್ನಾಗಿರುತ್ತದೆ. ಕೆಲಸಕ್ಕೆ ಬರುವುದು ಕೊನೆಯ ಹತ್ತು ನಿಮಿಷ. ‘ಬೇಡ’ ಎಂದ ಮಗುವನ್ನು ಹೇಗೆ ಒಲಿಸುತ್ತಾರೆ, ಸೋತಾಗ ಮಗು ಯಾರ ಮುಖ ನೋಡುತ್ತದೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ದುಬಾರಿ ರಿಮೋಟ್ ಕಾರು ತಂದು ಮಗುವಿನ ಕೈಗಿಡುವವರು, ‘ಅಮ್ಮ ನನ್ ಬಗ್ಗೆ ಏನಂತಾಳೆ?’ ಎಂದು ಪಿಸುಗುಟ್ಟುವವರು ಎಲ್ಲವನ್ನೂ ಬರೆದಿಡಬೇಕು, ಬೈಯಬಾರದು. ಒಳಗೆ ಬರಲೊಲ್ಲದ ಮಗುವನ್ನು ಎತ್ತಿಕೊಂಡು ಬರುವುದಂತೂ ಕೂಡದು.

ಮನೆಭೇಟಿಯಲ್ಲಿ ಸೋಫಾ, ಫ್ರಿಜ್ಜು ಎಣಿಸಿ ಬರುವವರಿದ್ದಾರೆ. ನೋಡಬೇಕಾದ್ದು ಮಗು ಮಲಗುವ ಜಾಗ, ಅದರ ಪುಸ್ತಕದ ಚೀಲ ಎಲ್ಲಿ ತೂಗುತ್ತದೆ, ಬಚ್ಚಲು ಮನೆ ಎಷ್ಟು ದೂರ, ಬಾವಿಗೆ ಕಟ್ಟೆ ಇದೆಯೇ, ಮದ್ಯದ ಬಾಟಲಿ, ಕೀಟನಾಶಕದ ಡಬ್ಬಿ ಮಗುವಿನ ಕೈಗೆ ಸಿಗುವಂತಿದೆಯೇ ಎಂಬುದು. ಕುವೆಂಪುನಗರದ ಎರಡು ಬೆಡ್‌ರೂಮಿನ ಮನೆಯನ್ನು ಮದ್ದೂರು ಕಡೆಯ ಹಳ್ಳಿಯ ತೊಟ್ಟಿಮನೆಯ ಜೊತೆ ಬೆಲೆ ಕಟ್ಟಿ ಹೋಲಿಸುವಂತಿಲ್ಲ. ಹಳ್ಳಿಯಲ್ಲಿ ಮಗುವಿಗೆ ಸ್ವಂತ ಕೋಣೆ ಇಲ್ಲ, ಆದರೆ ಅಜ್ಜಿಯ ಮಗ್ಗುಲಿದೆ. ಮಂಡ್ಯದಿಂದ ಬೆಳಗಿನ ಟ್ರೈನಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುವ ಪೋಷಕರ ಅರ್ಜಿಯಲ್ಲಿ ‘ನಾನೇ ನೋಡಿಕೊಳ್ಳುತ್ತೇನೆ’ ಎಂದಿರುತ್ತದೆ. ಹಗಲು ನೋಡಿಕೊಳ್ಳುವುದು ಅಜ್ಜಿ. ಹಾಗಾದರೆ ಅಜ್ಜಿಯನ್ನೂ ಸಂದರ್ಶಿಸಬೇಕು, ಅವರ ಮಂಡಿನೋವು, ಕಣ್ಣಿನ ಪೊರೆ ಸಮೇತ. ಆಲೆಮನೆ ನಡೆಸುವ ತಂದೆಯ ದಿನಚರಿಯನ್ನು ಹಂಗಾಮಿನಲ್ಲೂ ಹಂಗಾಮು ಮುಗಿದ ಮೇಲೂ ಕೇಳಬೇಕು. ಎರಡೂ ಒಂದೇ ಅಲ್ಲ.

ಶಾಲೆಯವರು ಸಾಕ್ಷಿಗೆ ಕರೆಯುತ್ತಾರೆಂದು ಹೆದರುತ್ತಾರೆ. ಅಭಿಪ್ರಾಯ ಕೇಳಬೇಡಿ, ದಾಖಲೆ ಕೇಳಿ: ಹಾಜರಾತಿ, ಪೋಷಕರ ಸಭೆಗೆ ಬಂದವರ ಸಹಿ, ಮಧ್ಯಾಹ್ನದ ಡಬ್ಬಿ ಬರುತ್ತದೆಯೇ ಎಂಬುದು. ಫೀಸು ಕಟ್ಟಿದ ರಸೀದಿ ಆರೈಕೆಗೆ ಪುರಾವೆಯಲ್ಲ. ನೆಂಟರ ಅಫಿಡವಿಟ್ಟುಗಳಿಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ.

ಮಾತಿನ ನಡುವೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಮೌಲ್ಯಮಾಪನ ಅಲ್ಲಿಗೆ ನಿಲ್ಲಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿದ್ದರೆ ಶಿಕ್ಷೆ. ಕಸ್ಟಡಿ ಜಗಳದಲ್ಲಿ ಇಂಥ ಆರೋಪ ಸುಳ್ಳೇ ಇರುತ್ತದೆ ಎಂದು ತಳ್ಳಿಹಾಕುವುದೂ, ತಾವೇ ಗೊಂಬೆ ಹಿಡಿದು ತನಿಖೆಗಿಳಿಯುವುದೂ ನಮ್ಮ ಕೆಲಸವಲ್ಲ. ಹೊಡೆತದ ಆರೋಪವಿದ್ದಲ್ಲಿ ದಂಪತಿಯನ್ನು ಒಂದೇ ದಿನ, ಒಂದೇ ಬೆಂಚಿನ ಮೇಲೆ ಕಾಯಿಸಬಾರದು.

ವರದಿ ಹತ್ತು ಹದಿನೈದು ಪುಟವಾದೀತು. ಯಾರನ್ನು ಯಾವ ದಿನ ಎಷ್ಟು ಹೊತ್ತು ನೋಡಿದೆ, ಏನು ಓದಿದೆ, ಏನು ಕೇಳಿಯೂ ಸಿಗಲಿಲ್ಲ ಎಂಬುದು ಮೊದಲ ಪುಟದಲ್ಲೇ ಇರಲಿ. ಕಂಡದ್ದು ಒಂದು ಭಾಗ, ಅದರಿಂದ ಊಹಿಸಿದ್ದು ಇನ್ನೊಂದು ಭಾಗ. ಮಗುವಿನ ಮಾತನ್ನು ಮಗುವಿನ ಕನ್ನಡದಲ್ಲೇ ಬರೆಯಬೇಕು. ‘ಅಪ್ಪ ಬಂದ್ರೆ ನಾನು ಮಂಚದ ಕೆಳಗ್ ಹೋಗ್ತೀನಿ’ ಎಂಬುದನ್ನು ‘ಮಗು ತಂದೆಯನ್ನು ಕಂಡರೆ ಭಯಭೀತವಾಗುತ್ತದೆ’ ಎಂದು ಇಂಗ್ಲಿಷಿನಲ್ಲಿ ಬರೆದುಬಿಟ್ಟರೆ, ಅದು ಕಣ್ಣಾಮುಚ್ಚಾಲೆ ಆಟವೂ ಆಗಿರಬಹುದಿತ್ತೆಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ. ತೀರ್ಮಾನದಲ್ಲಿ ‘ತಂದೆಗೆ ಕೊಡಿ’, ‘ತಾಯಿಗೆ ಕೊಡಿ’ ಎನ್ನುವುದಕ್ಕಿಂತ ಆದೇಶದ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರವಿರಲಿ, ತೀರ್ಪು ನ್ಯಾಯಾಧೀಶರದು. ವೇಳಾಪಟ್ಟಿ ಸೂಚಿಸುವುದಾದರೆ ಪೂರ್ತಿ ಸೂಚಿಸಬೇಕು. ಎರಡು ವರ್ಷದ ಮಗುವಿಗೆ ವಾರಕ್ಕೆ ಎರಡು ಮೂರು ಸಲ ಚಿಕ್ಕ ಭೇಟಿ, ಶಾಲೆಗೆ ಹೋಗುವ ಮಗುವಿಗೆ ವಾರ ಬಿಟ್ಟು ವಾರ ಶನಿವಾರ-ಭಾನುವಾರ, ದಸರಾ ಮತ್ತು ಬೇಸಿಗೆ ರಜೆಯಲ್ಲಿ ಪಾಲು, ಯುಗಾದಿ ಒಂದು ವರ್ಷ ಇಲ್ಲಿ ಒಂದು ವರ್ಷ ಅಲ್ಲಿ, ವಿಡಿಯೊ ಕರೆಗೆ ನಿಗದಿತ ಹೊತ್ತು, ಮಗುವನ್ನು ಒಪ್ಪಿಸಿಕೊಳ್ಳುವ ಜಾಗ. ಆ ಜಾಗ ಪೊಲೀಸ್ ಠಾಣೆಯೂ ಬೇಡ, ಕೋರ್ಟಿನ ವರಾಂಡವೂ ಬೇಡ.

ಇಷ್ಟೆಲ್ಲ ಮಾಡಲು ಜನ ಎಲ್ಲಿದ್ದಾರೆ ಎಂದರೆ, ಇದ್ದಾರೆ. ಮೈಸೂರಿನಲ್ಲಿ ಮೆಡಿಕಲ್ ಕಾಲೇಜುಗಳ ಮನೋವೈದ್ಯ ವಿಭಾಗಗಳಿವೆ, ವಾಕ್ ಶ್ರವಣ ಸಂಸ್ಥೆಯಲ್ಲಿ ಕ್ಲಿನಿಕಲ್ ಸೈಕಾಲಜಿ ಇದೆ, ಮಾನಸಗಂಗೋತ್ರಿಯಲ್ಲಿ ಸಮಾಜಕಾರ್ಯ ಕಲಿಸುತ್ತಾರೆ, ಮಂಡ್ಯದಲ್ಲಿ ಮಿಮ್ಸ್ ವೈದ್ಯಕೀಯ ಸಂಸ್ಥೆ ಇದೆ. ಕಷ್ಟದ ಪ್ರಕರಣ ನಿಮ್ಹಾನ್ಸಿಗೆ ಹೋಗಲಿ. ಎಲ್ಲ ಮಕ್ಕಳನ್ನೂ ಬೆಂಗಳೂರಿಗೆ ಓಡಾಡಿಸಬೇಕಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಮಕ್ಕಳ ಮನೋವೈದ್ಯರು ಇರುವ ಒಂದು ಪಟ್ಟಿಯನ್ನು 12ನೇ ಕಲಮಿನಡಿ ಎರಡೂ ಜಿಲ್ಲೆಗಳಿಗೆ ಮಾಡಿ, ಸರದಿಯಂತೆ ನೇಮಿಸಿದರೆ ‘ನಮ್ಮ ಡಾಕ್ಟರು, ನಿಮ್ಮ ಡಾಕ್ಟರು’ ಎಂಬುದು ತಪ್ಪುತ್ತದೆ. ಶುಲ್ಕವನ್ನು ಆದೇಶದಲ್ಲೇ ಗೊತ್ತುಮಾಡಿ, ಆದಾಯಕ್ಕೆ ತಕ್ಕಂತೆ ಇಬ್ಬರಿಂದಲೂ ನ್ಯಾಯಾಲಯದಲ್ಲೇ ಠೇವಣಿ ಮಾಡಿಸಬೇಕು. ಒಬ್ಬರೇ ಕೊಟ್ಟ ಹಣಕ್ಕೆ ಬಂದ ವರದಿಯನ್ನು ಇನ್ನೊಬ್ಬರು ನಂಬುವುದಿಲ್ಲ. ಕಾಗದ ಓದುವುದರಿಂದ ವರದಿ ಟೈಪಾಗುವವರೆಗೆ ಒಂದು ಪ್ರಕರಣಕ್ಕೆ ಆರರಿಂದ ಎಂಟು ವಾರ ಬೇಕು. ಆದ್ದರಿಂದ ದಸರಾ ರಜೆಯ ಐ.ಎ.ಗೆ ಮೌಲ್ಯಮಾಪನ ಬೇಕೆನ್ನುವವರು ಆಗಸ್ಟ್ ಮೊದಲ ವಾರದಲ್ಲೇ ಕೇಳಬೇಕು. ಹೋದ ವರ್ಷದ ವರದಿಯನ್ನು ಈ ವರ್ಷ ಹಾಜರುಪಡಿಸುವುದೂ ಬೇಡ. ಅದರಲ್ಲಿ ಐದು ವರ್ಷದವನಾಗಿದ್ದ ಹುಡುಗ ಈಗ ಒಂದನೇ ತರಗತಿಗೆ ಹೊರಟಿರುತ್ತಾನೆ.

ಇಂತಿ,
ಮಕ್ಕಳ ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವ ಕೆಲವರು
ಮೈಸೂರು